ಹನ್ನೊಂದು ತಿಂಗಳ ದುಡ್ಡಿದೆ, ಬರ್ತೀರಾ?

ಇಂಟರ್‌ವ್ಯೂ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಪೆನ್ನು ಕೆಳಗಿಟ್ಟು, "ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಹುದ್ದೆಗೆ ಹನ್ನೊಂದು ತಿಂಗಳ ದುಡ್ಡಿದೆ. ಆಮೇಲಿಂದು ನನಗೂ ಗೊತ್ತಿಲ್ಲ. ಬರ್ತೀರಾ?" ಅಂದರು. ಅಲ್ಲಿಯವರೆಗೆ ನಾನು ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕ್ಲೇಮುಗಳ ಡೇಟಾ ನೋಡಿಕೊಂಡಿದ್ದವಳು. ಅಲ್ಲಿ ಕೆಲಸದಿಂದ ತೆಗೆಯುವಾಗಲೂ ಇಷ್ಟು ನೇರವಾಗಿ ಯಾರೂ ಹೇಳುತ್ತಿರಲಿಲ್ಲ. ಈ ಮನುಷ್ಯ ಸೇರಿಸಿಕೊಳ್ಳುವ ಮೊದಲೇ ಹೇಳುತ್ತಿದ್ದಾರಲ್ಲ ಅಂತ ಅದೇನೋ ನಂಬಿಕೆ ಬಂತು. ಹೂಂ ಅಂದೆ. ಆ ಹನ್ನೊಂದು ತಿಂಗಳಿಗೆ ಈಗ ಆರನೇ ವರ್ಷ ನಡೆಯುತ್ತಿದೆ.

ಸಂಸ್ಥೆಯ ಹೆಸರು ಬೇಡ. ಕ್ಷಯರೋಗದ ಮೇಲೆ ಕೆಲಸ ಮಾಡುವ, ಲಾಭದ ಉದ್ದೇಶವಿಲ್ಲದ, ಅತ್ತ ದೊಡ್ಡದೂ ಅಲ್ಲದ ಇತ್ತ ಚಿಕ್ಕದೂ ಅಲ್ಲದ ಸಂಸ್ಥೆ. ಆಸ್ಪತ್ರೆ ನಮ್ಮದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಅಂತ ಗೊತ್ತಾದವರು ಮಾತ್ರೆ ಮುಗಿಸುವ ತನಕ ಅವರ ಬೆನ್ನಿಗಿರುವುದು, ಅವರ ಮನೆಯವರನ್ನು ಪರೀಕ್ಷೆಗೆ ಒಪ್ಪಿಸುವುದು, ಕಫದ ಸ್ಯಾಂಪಲ್ಲು ಲ್ಯಾಬ್ ತಲುಪುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದರಲ್ಲಿ ನನ್ನದು ಲೆಕ್ಕ. ಎಷ್ಟು ಜನ ಸಿಕ್ಕರು, ಎಷ್ಟು ಜನ ಮಾತ್ರೆ ಶುರು ಮಾಡಿದರು, ಎಷ್ಟು ಜನ ಮುಗಿಸಿದರು. ಇದಕ್ಕೆ 'ಎಂ ಅಂಡ್ ಇ' ಅನ್ನುತ್ತಾರೆ, ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್. ಈ ಹೆಸರು ಕೇಳಿದವರಿಗೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ನನ್ನ ಅಮ್ಮ ಇವತ್ತಿಗೂ "ಅದೇ, ಟಿಬಿ ಆಫೀಸು" ಅನ್ನುತ್ತಾಳೆ.

ಕೆಲಸ ಬದಲಿಸಿದೆ ಅಂದಾಗ ಎರಡೇ ಥರದ ಪ್ರತಿಕ್ರಿಯೆ ಬಂದದ್ದು. ಒಂದು, "ಅಯ್ಯೋ, ಎಷ್ಟು ಒಳ್ಳೆ ಮನಸ್ಸು ನಿಂದು." ಇನ್ನೊಂದು, "ಅಲ್ಲಿ ಸಂಬಳ ಅಂತ ಕೊಡ್ತಾರಾ?" ಎರಡಕ್ಕೂ ಉತ್ತರ ಒಂದೇ: ಕೊಡ್ತಾರೆ, ಮೊದಲಿಗಿಂತ ಕಡಿಮೆ. ಒಳ್ಳೆ ಮನಸ್ಸಿನ ವಿಷಯ ಆಗ ಗೊತ್ತಿರಲಿಲ್ಲ, ಈಗಲೂ ಪಕ್ಕಾ ಇಲ್ಲ. ಹಳೆಯ ಕೆಲಸ ಬೇಜಾರಾಗಿತ್ತು, ಅಷ್ಟೇ.

ಮೊದಲ ವಾರ ಪೂರ್ತಿ ಟೈಮ್‌ಶೀಟ್ ಅರ್ಥ ಮಾಡಿಕೊಳ್ಳುವುದರಲ್ಲೇ ಹೋಯಿತು. ನನ್ನ ಸಂಬಳ ಮೂರು ಕಡೆಯಿಂದ ಬರುತ್ತಿತ್ತು: ಒಂದು ಡೋನರ್ ಪ್ರಾಜೆಕ್ಟಿನಿಂದ ಶೇ. 60, ಇನ್ನೊಂದರಿಂದ ಶೇ. 30, ಉಳಿದ 10 ಸಂಸ್ಥೆಯ ಸ್ವಂತ ಹಣ. ಹಾಗಾಗಿ ತಿಂಗಳ ಕೊನೆಗೆ ದಿನದ ಎಂಟು ಗಂಟೆಯನ್ನು ಅದೇ ಪ್ರಕಾರ ಕತ್ತರಿಸಿ ತೋರಿಸಬೇಕು. ಮನುಷ್ಯರಷ್ಟೇ ಅಲ್ಲ, ವಸ್ತುಗಳೂ ಹೀಗೇ. ಪ್ರಿಂಟರ್ ಒಂದು ಪ್ರಾಜೆಕ್ಟಿನದು, ಅದಕ್ಕೆ ಹಾಕುವ ಕಾಗದ ಇನ್ನೊಂದರದು. ಒಮ್ಮೆ ಫೀಲ್ಡಿಗೆ ಹೊರಟವಳು ಖಾಲಿ ನಿಂತಿದ್ದ ಗಾಡಿ ಹತ್ತಲು ಹೋದರೆ ಡ್ರೈವರ್ ತಲೆಯಾಡಿಸಿದ. "ಇದು ಮಕ್ಕಳ ಪ್ರಾಜೆಕ್ಟಿನ ಗಾಡಿ ಮೇಡಂ. ನೀವು ಹೋಗ್ತಿರೋದು ದೊಡ್ಡವರ ಪ್ರಾಜೆಕ್ಟಿಗೆ." ಇಬ್ಬರೂ ಹೋಗಬೇಕಿದ್ದದ್ದು ಒಂದೇ ಬೀದಿಗೆ. ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಲಾಗ್‌ಬುಕ್ ತೋರಿಸಿದ ಮೇಲೆ ಸುಮ್ಮನಾದೆ. ಕೊಟ್ಟವರ ದುಡ್ಡು ಕೊಟ್ಟ ಕೆಲಸಕ್ಕೇ ಹೋಗಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ಒಂದೇ ಮನೆಯಲ್ಲಿ ಅಪ್ಪನಿಗೂ ಮಗುವಿಗೂ ಟಿಬಿ ಇದ್ದಾಗ ಎರಡು ಗಾಡಿ ಹೋದದ್ದನ್ನು ನಾನೇ ನೋಡಿದ್ದೇನೆ.

ಫೀಲ್ಡಿಗೆ ಹೋಗದೆ ರಿಜಿಸ್ಟರ್ ಮುಟ್ಟಬಾರದು ಅಂತ ಮ್ಯಾನೇಜರ್ ಅವರ ನಿಯಮವಿತ್ತು. ಹಾಗಾಗಿ ಎರಡನೇ ವಾರ ನನ್ನನ್ನು ಫೀಲ್ಡಿನ ಮೇಲ್ವಿಚಾರಕಿಯ ಜೊತೆಗೆ ಕಳಿಸಿದರು. ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವರು. ಆಫೀಸಿನಲ್ಲಿ ಎಲ್ಲರಿಗೂ ಅಕ್ಕ. ನನಗೂ ಅಕ್ಕನೇ ಆದರು.

ಗಾಡಿಯ ಎರಡೂ ಬಾಗಿಲ ಮೇಲೆ ಡೋನರ್‌ನ ದೊಡ್ಡ ಸ್ಟಿಕ್ಕರು, ಕೆಳಗೆ ನಮ್ಮ ಹೆಸರು, ಅದರ ಕೆಳಗೆ 'ಕ್ಷಯಮುಕ್ತ' ಅಂತ ಶುರುವಾಗುವ ಒಂದು ಘೋಷಣೆ. ಡ್ರೈವರ್ ಹೋಗಬೇಕಾದ ವಿಳಾಸಕ್ಕಿಂತ ಎರಡು ಬೀದಿ ಆಚೆ ಗಾಡಿ ನಿಲ್ಲಿಸಿದ. ಇಲ್ಯಾಕೆ ಅಂತ ಕೇಳಿದೆ. ಅಕ್ಕ ಕೊರಳಿನ ಐಡಿ ಕಾರ್ಡು ತೆಗೆದು ಬ್ಯಾಗಿಗೆ ಹಾಕಿಕೊಳ್ಳುತ್ತಾ, "ಈ ಗಾಡಿ ಬಾಗಿಲಿಗೆ ಹೋಗಿ ನಿಂತರೆ ಆ ಹುಡುಗಿಗೆ ನಾಳೆ ಬಾಡಿಗೆ ಮನೆ ಇರಲ್ಲ ಕಣಮ್ಮಾ" ಅಂದರು. ಒಪ್ಪಂದದಲ್ಲಿ ಸ್ಟಿಕ್ಕರು ಕಡ್ಡಾಯ. 'ವಿಸಿಬಿಲಿಟಿ' ಅಂತ ಅದಕ್ಕೇ ಒಂದು ಅನುಬಂಧವಿದೆ, ಬಣ್ಣ, ಅಳತೆ, ಎಲ್ಲ ಕೊಟ್ಟಿದ್ದಾರೆ. ಅದೇ ಒಪ್ಪಂದದ ಇನ್ನೊಂದು ಪುಟದಲ್ಲಿ ರೋಗಿಯ ಗುಟ್ಟು ಕಾಪಾಡಬೇಕು ಅಂತಲೂ ಇದೆ. ಎರಡು ಪುಟಕ್ಕೂ ನಡುವಿನ ದಾರಿ ಅಂದರೆ ಈ ಎರಡು ಬೀದಿಯ ನಡಿಗೆ. ಇದನ್ನು ಯಾವ ರಿಪೋರ್ಟಿನಲ್ಲೂ ಯಾರೂ ಬರೆದಿಲ್ಲ.

ಆ ದಿನ ನಾನು ಕಲಿತದ್ದು ಕಫ ಕೇಳುವುದನ್ನು. ನಗಬೇಡಿ. ಡಬ್ಬಿ ಕೊಟ್ಟು "ಇದರಲ್ಲಿ ಉಗೀರಿ" ಅಂದರೆ ಜನ ಉಗುಳು ಕೊಡುತ್ತಾರೆ, ಕಫ ಕೊಡುವುದಿಲ್ಲ. ಉಗುಳು ತೆಳ್ಳಗೆ, ನೊರೆನೊರೆಯಾಗಿರುತ್ತದೆ. ಲ್ಯಾಬಿನಲ್ಲಿ ಅದರಿಂದ ಏನೂ ಸಿಗುವುದಿಲ್ಲ. ಸಿಗದಿದ್ದರೆ 'ನೆಗೆಟಿವ್' ಅಂತ ಬರುತ್ತದೆ. ರೋಗಿ ಖುಷಿಯಾಗಿ ಮನೆಗೆ ಹೋಗುತ್ತಾನೆ, ಮನೆಯವರಿಗೆ ಹರಡುತ್ತಾನೆ. ಅಕ್ಕ ಅವರನ್ನು ಬಯಲಿಗೆ ಕರೆದುಕೊಂಡು ಹೋಗಿ, ತಾವು ಗಾಳಿ ಬರುವ ಕಡೆ ನಿಂತು, ಎದೆ ತುಂಬ ಉಸಿರೆಳೆದು, ತಡೆದು, ಹೊಟ್ಟೆಯಾಳದಿಂದ ಕೆಮ್ಮಿ ತೋರಿಸುತ್ತಿದ್ದರು. ಬಂದ ಡಬ್ಬಿಯನ್ನು ಬೆಳಕಿಗೆ ಹಿಡಿದು ವಾಲಿಸಿ ನೋಡುತ್ತಿದ್ದರು. ನೀರಿನ ಹಾಗೆ ಹರಿದರೆ ಇನ್ನೊಂದು ಸಲ. ಗೋಡೆಗೆ ಅಂಟಿಕೊಂಡು ನಿಧಾನಕ್ಕೆ ಜಾರಿದರೆ, "ಹಾಂ, ಇದು ಸರಿ." ಲ್ಯಾಬಿನಲ್ಲಿರುವುದು ಜೀನ್‌ಎಕ್ಸ್‌ಪರ್ಟ್ ಯಂತ್ರ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿದ ತಂತ್ರಜ್ಞಾನ. ಎರಡು ಗಂಟೆಯೊಳಗೆ ಟಿಬಿ ಇದೆಯೋ ಇಲ್ಲವೋ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೋ ಇಲ್ಲವೋ, ಎರಡನ್ನೂ ಹೇಳಿಬಿಡುತ್ತದೆ. ಅಷ್ಟು ಜಾಣ ಯಂತ್ರವೂ ಅಕ್ಕ ಬೆಳಕಿಗೆ ಹಿಡಿದು ಪಾಸು ಮಾಡಿದ ಡಬ್ಬಿಗೇ ಕಾಯುತ್ತದೆ ಅನ್ನುವುದು ನನಗೆ ಆವತ್ತು ಗೊತ್ತಾಯಿತು.

ಔಷಧಿಯ ಕಥೆ ಇನ್ನೂ ಉದ್ದ. ಸಾಮಾನ್ಯ ಟಿಬಿಗೆ ಆರು ತಿಂಗಳು. ಮೊದಲೆರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಕಡಿಮೆ. ರೋಗಾಣುವನ್ನು ಕಂಡುಹಿಡಿದೆ ಅಂತ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಹೇಳಿದ. ಆ ದಿನವನ್ನು ನಾವು ಪ್ರತಿ ವರ್ಷ ಬ್ಯಾನರ್ ಕಟ್ಟಿ ಆಚರಿಸುತ್ತೇವೆ. ಅಷ್ಟು ಹಳೆಯ ಶತ್ರುವಿಗೆ ಇವತ್ತಿಗೂ ಆರು ತಿಂಗಳ ಮಾತ್ರೆ ಬೇಕು. ತೊಂದರೆ ಏನೆಂದರೆ ಎರಡನೇ ತಿಂಗಳಿಗೇ ಕೆಮ್ಮು ನಿಂತು ಹೊಟ್ಟೆ ಹಸಿಯಲು ಶುರುವಾಗುತ್ತದೆ. ಹುಷಾರಾದವನಿಗೆ ಮಾತ್ರೆ ಯಾಕೆ? ಮೂತ್ರ ಕೆಂಪಗೆ ಹೋಗುತ್ತದೆ, ಅದು ರಿಫಾಂಪಿಸಿನ್ ಬಣ್ಣ. ಕೆಲವರು ರಕ್ತ ಅಂತ ಹೆದರಿ ಬಿಟ್ಟುಬಿಡುತ್ತಾರೆ. ಕೆಲವರಿಗೆ ಪಾದ ಜುಮುಗುಡುತ್ತದೆ. ಇನ್ನು ಕೆಲವರಿಗೆ ವಾಂತಿ. ಅಕ್ಕ ಮೊದಲ ದಿನವೇ "ಕೆಂಪಗೆ ಹೋಗುತ್ತೆ, ಹೆದರಬೇಡ, ಕೆಂಪಗೆ ಹೋಗದೇ ಇದ್ದರೆ ನನಗೆ ಹೇಳು" ಅಂದುಬಿಡುತ್ತಿದ್ದರು. ಧೈರ್ಯ ಹೇಳುವುದು, ಮಾತ್ರೆ ನುಂಗಿದ್ದಾರಾ ಅಂತ ವಿಚಾರಿಸುವುದು, ಎರಡೂ ಅದೇ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು.

ಆಮೇಲೆ ರಿಜಿಸ್ಟರ್ ನನ್ನ ಕೈಗೆ ಬಂತು. ಉದ್ದನೆಯ ಪುಸ್ತಕ, ಬಿಚ್ಚಿದರೆ ಮೇಜು ತುಂಬುತ್ತದೆ. ಪ್ರತಿ ಸಾಲೂ ಒಬ್ಬ ಮನುಷ್ಯ. ಸಾಲಿನ ಕೊನೆಯ ಕಾಲಂ 'ಔಟ್‌ಕಮ್'. ಅಲ್ಲಿ ಬರೆಯಬಹುದಾದ್ದು ಆರೇ ಮಾತು: ಗುಣವಾಯಿತು, ಚಿಕಿತ್ಸೆ ಪೂರ್ಣವಾಯಿತು, ಚಿಕಿತ್ಸೆ ವಿಫಲ, ಮರಣ, ಲಾಸ್ಟ್ ಟು ಫಾಲೋ-ಅಪ್, ನಾಟ್ ಇವ್ಯಾಲ್ಯುಯೇಟೆಡ್. ಎರಡು ತಿಂಗಳು ಎಡೆಬಿಡದೆ ಮಾತ್ರೆ ತಪ್ಪಿಸಿದವರು ಐದನೆಯದಕ್ಕೆ ಬರುತ್ತಾರೆ. ಮೊದಲು ಅವರನ್ನು 'ಡಿಫಾಲ್ಟರ್' ಅನ್ನುತ್ತಿದ್ದರು, ಸಾಲ ಕಟ್ಟದವನಿಗೆ ಅಂದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವ್ಯಾಖ್ಯೆಗಳನ್ನು ಪರಿಷ್ಕರಿಸಿದಾಗ ಆ ಪದ ತೆಗೆದುಹಾಕಿತು. 'ಟಿಬಿ ಸಸ್ಪೆಕ್ಟ್' ಅನ್ನುವ ಪೊಲೀಸ್ ಠಾಣೆಯ ಪದವೂ ಆಗಲೇ ಹೋಯಿತು. ಡಿಫಾಲ್ಟರ್ ಅಂದರೆ ತಪ್ಪು ರೋಗಿಯದು. ಲಾಸ್ಟ್ ಟು ಫಾಲೋ-ಅಪ್ ಅಂದರೆ ಹಿಂದೆ ಹೋಗಬೇಕಿದ್ದವರ ಕೈಯಿಂದ ಜಾರಿದರು ಅಂತ. ಹಳೆಯ ರಿಜಿಸ್ಟರುಗಳಲ್ಲಿ ಅಕ್ಕನ ಅಕ್ಷರದಲ್ಲೇ 'ಡಿಫಾಲ್ಟ್' ಅಂತ ಇರುವ ಸಾಲುಗಳಿವೆ. ಒಮ್ಮೆ ತೋರಿಸಿದೆ. "ಆವಾಗ ಹಾಗೇ ಬೈತಿದ್ವಿ" ಅಂದರು.

ಈ ಕೆಲಸ ಏನು ಅಂತ ನನಗೆ ನಿಜಕ್ಕೂ ಅರ್ಥವಾದದ್ದು ಎಂಟನೇ ತಿಂಗಳಲ್ಲಿ, ನಾನೇ ಮಾಡಹೊರಟ ಒಂದು ಕಿತಾಪತಿಯಿಂದ.

ಡೋನರ್‌ಗೆ ಕಳಿಸುವ ರಿಪೋರ್ಟಿನಲ್ಲಿ ಒಂದು ಸಂಖ್ಯೆ ಎಲ್ಲಕ್ಕಿಂತ ಮುಖ್ಯ: ಚಿಕಿತ್ಸೆ ಯಶಸ್ವಿಯಾದವರ ಶೇಕಡಾವಾರು. ನಮ್ಮ ಟಾರ್ಗೆಟ್ 90. ಆ ಗುಂಪಿನಲ್ಲಿ ಇದ್ದದ್ದು 118 ಜನ. ಗುಣವಾದವರು, ಮುಗಿಸಿದವರು ಸೇರಿ 103. ಮರಣ 4, ವಿಫಲ 1, ಲಾಸ್ಟ್ 6, ನಾಟ್ ಇವ್ಯಾಲ್ಯುಯೇಟೆಡ್ 4. ಭಾಗಿಸಿದರೆ 87.3. ಮ್ಯಾನೇಜರ್ ಮುಖ ಸಪ್ಪಗಾಯಿತು. ಅದೇ ತಿಂಗಳು ಪ್ರಾಜೆಕ್ಟ್ ಮುಂದುವರಿಸುವ ಮಾತುಕತೆ ನಡೆದಿತ್ತು. ಅದರಲ್ಲಿ ನನ್ನ ಹುದ್ದೆಯೂ ಇತ್ತು. ನನಗೆ ಹಳೆಯ ಕಂಪನಿಯ ಬುದ್ಧಿ ಓಡಿತು. 'ನಾಟ್ ಇವ್ಯಾಲ್ಯುಯೇಟೆಡ್' ಅಂತಿದ್ದ ಆ ನಾಲ್ಕು ಜನ ಬೇರೆ ಕಡೆಗೆ ವರ್ಗವಾಗಿ ಹೋದವರು, ಅವರ ಫಲಿತಾಂಶ ನಮಗೆ ಬಂದೇ ಇಲ್ಲ. ಬರದವರನ್ನು ಲೆಕ್ಕದಲ್ಲಿ ಯಾಕೆ ಇಟ್ಟುಕೊಳ್ಳಬೇಕು? 118ರಿಂದ ನಾಲ್ಕು ತೆಗೆದರೆ 114. 103ನ್ನು 114ರಿಂದ ಭಾಗಿಸಿದರೆ 90.35. ಎಕ್ಸೆಲ್ಲಿನಲ್ಲಿ ಒಂದು ಸೆಲ್ ಬದಲಿಸಿದರೆ ಸಾಕು, ಆ ಚೌಕ ಕೆಂಪಿನಿಂದ ಹಸಿರಾಗುತ್ತಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ ಅಡಿಟಿಪ್ಪಣಿ ಹಾಕೋಣ, ಸುಳ್ಳು ಹೇಳಿದ ಹಾಗಾಗುವುದಿಲ್ಲ ಅಂತ ನಾನೇ ಸಲಹೆ ಕೊಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ, ಇದನ್ನು ಹೇಳಲೇಬೇಕು. ಇಂಥ ಕಥೆಗಳಲ್ಲಿ ಯಾವಾಗಲೂ ಮೇಲಿನವರು ಕೆಟ್ಟವರಾಗಿರುತ್ತಾರೆ. ಇಲ್ಲಿ ಅದು ನಾನು.

ನಿಯಮದ ಪ್ರಕಾರ ಛೇದದಲ್ಲಿ ಆ ನಾಲ್ವರೂ ಇರಬೇಕು. ಅದು ನನಗೂ ಗೊತ್ತಿತ್ತು, ಮ್ಯಾನೇಜರ್‌ಗೂ ಗೊತ್ತಿತ್ತು. ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕಿಟಕಿ ಕಡೆ ನೋಡುತ್ತಾ ಕೂತರು. ಅಕ್ಕ ಯಾವುದೋ ವೋಚರಿಗೆ ಸಹಿ ಹಾಕಿಸಲು ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಆ ನಾಲ್ಕು ಜನ ಎಲ್ಲಿ ಹೋದರು?" ಅಂದರು.

"ಟ್ರಾನ್ಸ್‌ಫರ್ ಅಕ್ಕ. ರಿಸಲ್ಟ್ ಬಂದಿಲ್ಲ."

"ಬಂದಿಲ್ಲ ಅಂದರೆ, ನೀವು ಕೇಳಿದಿರಾ?"

ಕೇಳಿರಲಿಲ್ಲ. ಒಂದು ಈಮೇಲ್ ಹೋಗಿತ್ತು. ಅಕ್ಕ ವೋಚರನ್ನು ಮೇಜಿನ ಮೇಲೇ ಬಿಟ್ಟು, ರಿಜಿಸ್ಟರ್ ಎತ್ತಿಕೊಂಡು ಹೋದರು. ಎರಡು ದಿನ ಫೋನು. ರೋಗಿಯ ನಂಬರು ಸತ್ತಿದ್ದರೆ ತುರ್ತು ಸಂಪರ್ಕದ ನಂಬರು, ಅದೂ ಇಲ್ಲದಿದ್ದರೆ ಹಳೆಯ ಮನೆಯ ಮಾಲೀಕರು, ಅವರಿಂದ ಅಣ್ಣ, ಅಣ್ಣನಿಂದ ಹೊಸ ಕೆಲಸದ ಜಾಗ. ಎಲ್ಲೂ ಕಾಯಿಲೆಯ ಹೆಸರೆತ್ತದೆ "ಒಂದು ಕಾಗದ ಕೊಡೋದಿತ್ತು" ಅಂತಲೇ ಶುರು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಮೂರನೇ ದಿನದ ಹೊತ್ತಿಗೆ ನಾಲ್ಕರಲ್ಲಿ ಇಬ್ಬರು ಸಿಕ್ಕಿದರು, ಬೇರೆ ಆಸ್ಪತ್ರೆಯಲ್ಲಿ ಪೂರ್ತಿ ಮುಗಿಸಿದ್ದರು. ಅಲ್ಲಿಂದ ಕಾರ್ಡಿನ ಫೋಟೊ ತರಿಸಿಕೊಂಡೆವು. ಒಬ್ಬ ಸಿಗಲೇ ಇಲ್ಲ. ಇನ್ನೊಬ್ಬರ ಮನೆಗೆ ಫೋನ್ ಹೋದಾಗ ಎತ್ತಿದ್ದು ಮಗಳು. ಅಕ್ಕ ತುಂಬ ಹೊತ್ತು ಏನೂ ಮಾತಾಡದೆ ಕೇಳಿಸಿಕೊಂಡರು, ಕೊನೆಗೆ "ನೀವೆಲ್ಲ ಎಕ್ಸ್‌ರೇ ತೆಗೆಸಿಕೊಂಡ್ರಾ ಪುಟ್ಟಾ?" ಅಂತ ಕೇಳಿ ಫೋನಿಟ್ಟರು. ನಾನು ಕೊನೆಯ ಕಾಲಮ್ಮಿನಲ್ಲಿ ಹಳೆಯದನ್ನು ಹೊಡೆದುಹಾಕಿ 'ಮರಣ' ಅಂತ ಬರೆದು ತಾರೀಖು, ಸಹಿ ಹಾಕಿದೆ. ವೈಟ್ನರ್ ಬಳಸುವಂತಿಲ್ಲ, ಹೊಡೆದುಹಾಕಿದ್ದು ಕಾಣಬೇಕು. ಅದೂ ನಿಯಮವೇ.

ಈಗ ಯಶಸ್ಸು 105, ಮರಣ 5. ಶೇಕಡಾವಾರು 88.98. ಹಸಿರಾಗಲಿಲ್ಲ. ಹಾಗೇ ಕಳಿಸಿದೆವು.

ಆಮೇಲೆ ಆಕಾಶ ಕಳಚಿ ಬೀಳಲಿಲ್ಲ, ಹೂಮಾಲೆಯೂ ಬರಲಿಲ್ಲ. 'ಗುರಿ ತಲುಪದ್ದಕ್ಕೆ ಕಾರಣ ವಿವರಿಸಿ' ಅಂತ ಒಂದು ಪತ್ರ ಬಂತು. ಅವರ ಹಗಲು ನಮ್ಮ ರಾತ್ರಿಯಾದ್ದರಿಂದ ರಾತ್ರಿ ಒಂಬತ್ತಕ್ಕೆ ಕಾಲ್ ಇಟ್ಟರು. ಡೋನರ್ ಕಡೆಯ ಅಧಿಕಾರಿ ಒಬ್ಬ ನರ್ಸ್ ಆಗಿದ್ದವರು. 89ರ ಬಗ್ಗೆ ಮಾತೇ ಆಡಲಿಲ್ಲ. ಲಾಸ್ಟ್ ಆದ ಆರು ಜನರ ಬಗ್ಗೆ ಕೇಳಿದರು. ಅವರಲ್ಲಿ ಮೂವರು ಒಂದೇ ಥರದವರು: ದಿನಗೂಲಿ, ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್ಸು. ಮಾತ್ರೆ ಕೊಡುವ ಕೇಂದ್ರ ತೆರೆದಿರುವುದು ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ. ಹಾಗಾದರೆ ಸಂಜೆ ಯಾರಾದರೂ ತಲುಪಿಸಿ ಅಂದರು. ಅದಕ್ಕೆ ಬಜೆಟ್ಟಿನ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಣ ಸರಿಸಬೇಕು. ಅನುಮತಿ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಕ್ಕನ ತಂಡದ ಇಬ್ಬರು ಮನೆಗೆ ಹೋಗುವ ದಾರಿಯಲ್ಲಿ ಕೊಟ್ಟು ಹೋಗಲು ಶುರು ಮಾಡಿ ಆಗಿತ್ತು, ತಮ್ಮ ಬಸ್ ಖರ್ಚಿನಲ್ಲಿ.

ಈ ಕೊನೆಯ ವಾಕ್ಯದ ಬಗ್ಗೆ ನನಗೆ ಹೆಮ್ಮೆಗಿಂತ ಸಿಟ್ಟೇ ಹೆಚ್ಚು. ನಮ್ಮಂಥ ಸಂಸ್ಥೆಗಳಲ್ಲಿ 'ಸೇವೆ' ಅನ್ನುವುದು ಒಂದು ಪದ, ಅದರಿಂದ ಎಷ್ಟು ಬೇಕಾದರೂ ಕೆಲಸ ತೆಗೆಯಬಹುದು. ಪ್ರಯಾಣಭತ್ಯೆ ಹೆಚ್ಚಿಸಿ ಅಂದರೆ, "ಸೇವೆ ಅಂತ ಬಂದಿದ್ದೀವಲ್ವಾ?" ಭಾನುವಾರ ಬರುವುದಿಲ್ಲ ಅಂದರೆ, ಅದೇ. ಹಾಗೆ ಹೇಳುವವರು ಸಾಮಾನ್ಯವಾಗಿ ಕಾಯಂ ಆದವರು. ಆರೋಗ್ಯದ ಸಂಸ್ಥೆಯಲ್ಲಿ ಗುತ್ತಿಗೆಯ ಫೀಲ್ಡ್ ಸಿಬ್ಬಂದಿಗೆ ಆರೋಗ್ಯ ವಿಮೆ ಇರಲಿಲ್ಲ, ನಾನು ಸೇರಿ ಎರಡು ವರ್ಷದ ತನಕ. ದಿನಾ ಟಿಬಿ ರೋಗಿಗಳ ಮನೆಯೊಳಗೆ ಕೂರುವವರು ಅವರು. ನಾನು, ಇನ್ಶೂರೆನ್ಸಿನಿಂದ ಬಂದವಳು, ಇದನ್ನು ಮೀಟಿಂಗಿನಲ್ಲಿ ಎತ್ತಿದಾಗ ಬಂದ ಉತ್ತರ, "ಯಾವ ಡೋನರ್ ಇದಕ್ಕೆ ದುಡ್ಡು ಕೊಡ್ತಾರೆ?"

ಆ ಪ್ರಶ್ನೆ ನೆಪವಲ್ಲ ಅನ್ನುವುದು ಫೈನಾನ್ಸಿನವರ ಜೊತೆ ಬಜೆಟ್ಟಿಗೆ ಕೂತ ಮೇಲೆ ಗೊತ್ತಾಯಿತು. ಮಾತ್ರೆಗೆ, ಡಬ್ಬಿಗೆ, ಗಾಡಿಗೆ ದುಡ್ಡು ಸಿಗುತ್ತದೆ. ವಿಮೆ, ಲೆಕ್ಕಪತ್ರದವರ ಸಂಬಳ, ಕಚೇರಿಯ ಬಾಡಿಗೆ, ನನ್ನ ಲ್ಯಾಪ್‌ಟಾಪು, ಇವೆಲ್ಲ 'ಓವರ್‌ಹೆಡ್'. ಓವರ್‌ಹೆಡ್ ಜಾಸ್ತಿ ಅಂದರೆ ಸಂಸ್ಥೆ ದುಂದು ಮಾಡುತ್ತಿದೆ ಅಂತ ಜನರ ನಂಬಿಕೆ. ಹಾಗಾಗಿ ಸಂಸ್ಥೆಗಳು ಅದನ್ನು ಇರುವುದಕ್ಕಿಂತ ಕಡಿಮೆ ಮಾಡಿ ತೋರಿಸುತ್ತವೆ. ಓಹೋ ಇಷ್ಟರಲ್ಲೇ ಆಗುತ್ತದಲ್ಲ ಅಂತ ಕೊಡುವವರು ಮುಂದಿನ ಸಲ ಇನ್ನೂ ಕಡಿಮೆ ಕೊಡುತ್ತಾರೆ. ಸಂಸ್ಥೆ ಇನ್ನೊಂದಿಷ್ಟು ಹೊಟ್ಟೆ ಕಟ್ಟುತ್ತದೆ. ಅಮೆರಿಕದಲ್ಲಿ 2009ರಲ್ಲೇ ಇದನ್ನು ಹಸಿವಿನ ಚಕ್ರ ಅಂತ ಕರೆದಿದ್ದರು. ಬೇರೆ ದರ ಕುದುರಿಸಿಕೊಳ್ಳದ ಸಂಸ್ಥೆಗಳಿಗೆ ಅಲ್ಲಿನ ಫೆಡರಲ್ ಅನುದಾನದಲ್ಲಿ ಸಿಗುವ ಪರೋಕ್ಷ ವೆಚ್ಚದ, ಅಂದರೆ ಓವರ್‌ಹೆಡ್ಡಿನ, ಮಿತಿ ಶೇ. 10ರಿಂದ 15ಕ್ಕೆ ಏರಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೈದು ವರ್ಷ. ನಮ್ಮಲ್ಲಿ ವಿಮೆ ಕೊನೆಗೂ ಬಂತು, ಎರಡು ಪ್ರಾಜೆಕ್ಟುಗಳ 'ಸಿಬ್ಬಂದಿ ಸುರಕ್ಷತೆ' ಅನ್ನುವ ಸಾಲಿನಡಿ ನುಸುಳಿಸಿ. ಆ ಹೆಸರು ಹೊಳೆದದ್ದು ನನಗೇ. ಕಿತಾಪತಿ ಬುದ್ಧಿ ಪೂರ್ತಿ ದಂಡವಾಗಲಿಲ್ಲ.

ಆಡಿಟ್ ಬಗ್ಗೆ ಹೇಳದಿದ್ದರೆ ಫೈನಾನ್ಸಿನವರು ನನ್ನನ್ನು ಕ್ಷಮಿಸುವುದಿಲ್ಲ. ಆಡಿಟರ್ ಬಂದಾಗ ಹಿಂದಿನ ವರ್ಷದ ಫೈಲ್ ತೆಗೆದರೆ ಸುಮಾರು ನಲವತ್ತು ವೋಚರಿಗೆ ಖಾಲಿ ಬಿಳಿ ಚೀಟಿಗಳು ಅಂಟಿದ್ದವು. ಪೆಟ್ರೋಲ್ ಬಂಕಿನ ಬಿಲ್ಲುಗಳು. ಥರ್ಮಲ್ ಕಾಗದ, ಅಕ್ಷರವೆಲ್ಲ ಮಾಸಿಹೋಗಿತ್ತು. ಬಿಲ್ಲು ಇದೆ, ಆದರೆ ಅದರಲ್ಲಿ ಏನೂ ಇಲ್ಲ. ಆಡಿಟರ್ ಒಂದನ್ನು ಬೆಳಕಿಗೆ ಹಿಡಿದು ನೋಡಿದರು, ಥೇಟ್ ಅಕ್ಕ ಕಫದ ಡಬ್ಬಿ ನೋಡಿದ ಹಾಗೆ. ನಗು ತಡೆಯಲಾಗದೆ ಹೊರಗೆ ಹೋದೆ. ಅವತ್ತಿನಿಂದ ಬಿಲ್ಲು ಬಂದ ದಿನವೇ ಜೆರಾಕ್ಸ್ ಮಾಡಿ ಎರಡನ್ನೂ ಒಟ್ಟಿಗೆ ಲಗತ್ತಿಸುತ್ತೇವೆ. ಬಿಲ್ಲೇ ಕೊಡದ ವಾಹನಗಳಲ್ಲಿ ಓಡಾಡುವ ಫೀಲ್ಡಿನವರಿಗೆ ಸ್ವಯಂಘೋಷಣೆಯ ಫಾರಂ ಇದೆ, ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ರೋಗಿಯ ಮನೆ ಆ ಮಿತಿಗಿಂತ ದೂರ ಇದ್ದರೆ ಎರಡು ದಿನಕ್ಕೆ ಹೋದ ಹಾಗೆ ಬರೆಯುತ್ತಾರೆ. ಹೀಗೆ ಪ್ರಾಮಾಣಿಕರನ್ನು ಚಿಲ್ಲರೆ ಸುಳ್ಳು ಹೇಳುವಂತೆ ಮಾಡುವ ನಿಯಮಗಳನ್ನು ಒಂದೊಂದಾಗಿ ತೆಗೆಸುವುದು ಈಗ ನನ್ನ ಹವ್ಯಾಸ.

ಇಷ್ಟೆಲ್ಲ ಗೊಣಗಿಯೂ ಯಾಕೆ ಇದ್ದೀನಿ ಅಂತ ಕೇಳುತ್ತಾರೆ. ನನ್ನ ಕಪಾಟಿನಲ್ಲಿ ಎರಡು ಕಾರ್ಡುಗಳಿವೆ, ಅವನ್ನು ತೋರಿಸಬಹುದು. ಎರಡೂ ಔಷಧಿಗೆ ಬಗ್ಗದ ಟಿಬಿಯವು. ಒಂದು ನಾನು ಸೇರಿದಾಗಿನದು. ಬಿಚ್ಚಿದರೆ ಮಡಿಕೆ ಮೇಲೆ ಮಡಿಕೆ, 24 ತಿಂಗಳಿನ ಚೌಕಗಳು. ಕೆಲವು ರೋಗಿಗಳಿಗೆ ಅದರಲ್ಲಿ ತಿಂಗಳುಗಟ್ಟಲೆ ದಿನಾ ಇಂಜೆಕ್ಷನ್. ಆ ಇಂಜೆಕ್ಷನ್ನಿನಿಂದ ಕೆಲವರ ಕಿವಿ ಹೋಗುತ್ತಿತ್ತು. ಹಳೆಯ ಕಾರ್ಡೊಂದರ ಫೋನ್ ನಂಬರಿನ ಪಕ್ಕ ಅಕ್ಕ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: 'ಕಾಲ್ ಬೇಡ, ಮೆಸೇಜ್ ಕಳಿಸಿ. ಈಗ ಕೇಳಿಸಲ್ಲ.' ಅಂದರೆ ಚಿಕಿತ್ಸೆ ಶುರುವಾದಾಗ ಕೇಳಿಸುತ್ತಿತ್ತು. ಕನಮೈಸಿನ್, ಕ್ಯಾಪ್ರಿಯೋಮೈಸಿನ್ ಅನ್ನುವ ಆ ಇಂಜೆಕ್ಷನ್ನುಗಳು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವಷ್ಟರಲ್ಲಿ 2018 ಆಗಿತ್ತು.

ಇನ್ನೊಂದು ಕಾರ್ಡು ಈಚಿನದು, ಒಂದೇ ಹಾಳೆ, ಆರು ತಿಂಗಳು. ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್: ನಾಲ್ಕೂ ಮಾತ್ರೆ, ಇಂಜೆಕ್ಷನ್ ಇಲ್ಲ. 2022ರಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಇವುಗಳಲ್ಲಿ ಪ್ರಿಟೋಮನಿಡ್ ಬೆಳೆಸಿ ಮಾರುಕಟ್ಟೆಯ ತನಕ ತಂದದ್ದು ಔಷಧಿ ಕಂಪನಿಯಲ್ಲ, ನಮ್ಮ ಹಾಗೆ ಲಾಭದ ಉದ್ದೇಶವಿಲ್ಲದ ಸಂಸ್ಥೆ, ಟಿಬಿ ಅಲಯನ್ಸ್. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಆಗಸ್ಟಿನಲ್ಲಿ ಅನುಮತಿ ಕೊಟ್ಟಿತು. ಬಡವರ ಕಾಯಿಲೆಗೆ ಹೊಸ ಮಾತ್ರೆ ಮಾಡಿದರೆ ಲಾಭ ಎಲ್ಲಿಂದ ಬರಬೇಕು? ಅಲ್ಲೂ ಯಾರೋ ಟೈಮ್‌ಶೀಟನ್ನು ಶೇಕಡಾವಾರು ಕತ್ತರಿಸಿರುತ್ತಾರೆ, ಯಾರೋ ಖಾಲಿ ಬಿಲ್ಲುಗಳನ್ನು ಬೆಳಕಿಗೆ ಹಿಡಿದಿರುತ್ತಾರೆ ಅಂತ ನಾನು ಅಂದುಕೊಳ್ಳುತ್ತೇನೆ. ಹೊಸ ಕಾರ್ಡಿನ ಮೊದಲ ಕಟ್ಟು ಪ್ರಿಂಟಾಗಿ ಬಂದ ದಿನ ಅಕ್ಕ ಒಂದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಿಂದುಗಡೆ ಏನೂ ಇಲ್ವಲ್ಲ" ಅಂದರು. ಇಲ್ಲ ಅಕ್ಕ, ಅಷ್ಟೇ ಇರೋದು ಅಂದೆ. ನಂಬಿಕೆ ಬರಲಿಲ್ಲವೇನೋ, ಇನ್ನೊಂದು ಸಲ ತಿರುಗಿಸಿದರು.

ಹೋದ ವರ್ಷ ಆ ದೊಡ್ಡ ಪ್ರಾಜೆಕ್ಟು ಮುಗಿಯಿತು. ಡೋನರ್‌ನ ಆದ್ಯತೆ ಬದಲಾಯಿತು ಅಂತ ಪತ್ರ ಬಂತು. ಸಭ್ಯವಾದ, ಎರಡೇ ಪ್ಯಾರಾದ ಪತ್ರ. ಹನ್ನೊಂದು ಜನ ಹೋದರು. ಅವರಲ್ಲಿ ಸಂಜೆ ಮಾತ್ರೆ ತಲುಪಿಸುತ್ತಿದ್ದ ಇಬ್ಬರೂ ಇದ್ದರು. ಕೊನೆಯ ದಿನ ಫೋಟೊ ತೆಗೆದುಕೊಂಡೆವು, ಯಾರಿಗೂ ಮಾತಾಡುವ ಮನಸ್ಸಿರಲಿಲ್ಲ. ಪ್ರಾಜೆಕ್ಟ್ ಮುಗಿದರೂ ಮಾತ್ರೆಯ ನಡುವೆ ಇದ್ದವರು ಇದ್ದೇ ಇರುತ್ತಾರಲ್ಲ, ಅವರ ಪಟ್ಟಿ ಮಾಡಿ ಉಳಿದವರು ಹಂಚಿಕೊಂಡೆವು. ನನ್ನ ಪಾಲಿಗೂ ಏಳು ಜನ ಬಂದರು. ಲೆಕ್ಕದವಳು ಮಾತ್ರೆ ಹಿಡಿದು ಹೊರಟೆ.

ಮುಕ್ತಾಯದ ನಿಯಮಗಳಲ್ಲಿ ಗಾಡಿಯ ಮೇಲಿನ ಲೋಗೊ ತೆಗೆಯಬೇಕು ಅಂತಲೂ ಇತ್ತು. ಡ್ರೈವರ್ ಬಿಸಿನೀರು, ಹಳೆಯ ಬ್ಲೇಡು ಹಿಡಿದು ಅರ್ಧ ದಿನ ಕೆರೆದ. ಸ್ಟಿಕ್ಕರು ಬಂತು, ಅಂಟು ಹೋಗಲಿಲ್ಲ. ಬಾಗಿಲ ಮೇಲೆ ಬಿಳಿಚಿದ ಒಂದು ಚೌಕ ಉಳಿಯಿತು. ಹೊಸ ಪ್ರಾಜೆಕ್ಟಿನ ಸ್ಟಿಕ್ಕರು ಬರಲು ಇನ್ನೂ ಮೂರು ವಾರವಿತ್ತು. ಮಾರನೆಯ ದಿನ ನಾನು, ಅಕ್ಕ ಮಾತ್ರೆಯ ಚೀಲ ಹಿಡಿದು ಹೊರಟೆವು. ಇವತ್ತು ಬಾಗಿಲ ತನಕ ಹೋಗಬಹುದಲ್ಲ ಅಂತ ದಾರಿಯಲ್ಲಿ ನಾನೇ ಅಂದೆ. ಅಕ್ಕ ಹೌದಲ್ಲ ಅಂದರು. ಡ್ರೈವರ್ ಅಭ್ಯಾಸಬಲದಿಂದ ಎರಡು ಬೀದಿ ಆಚೆಯೇ ನಿಲ್ಲಿಸಿ ಇಂಜಿನ್ ಆರಿಸಿದ. ಅಕ್ಕ ಕೊರಳಿನ ಕಾರ್ಡು ತೆಗೆದು ಬ್ಯಾಗಿಗೆ ಹಾಕಿಕೊಂಡರು. ಇಳಿದು ನಡೆದೆವು.